ಐದು ಮಳೆಗಾಲ ಕಂಡ ಕಪ್ಲರುಗಳು: ಮನೆಯ ಕಂಪ್ರೆಸರಿಗೆ ಯಾವುದು ಆದೀತು, ಯಾವುದು ಬೇಡ

ನಮ್ಮದು ಕಾಸರಗೋಡು ಕಡೆಯ ಪೆರ್ಲದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಅಂಗಳದ ಆಚೆ ಮೊದಲು ಸೌದೆ ಕೊಟ್ಟಿಗೆಯಾಗಿದ್ದ ಶೆಡ್ಡು. ಅದರಲ್ಲಿ 2 ಎಚ್‌ಪಿಯ, 24 ಲೀಟರ್ ಟ್ಯಾಂಕಿನ ಕಂಪ್ರೆಸರ್ ಕೂತು ಐದು ಮಳೆಗಾಲ ಕಳೆಯಿತು. ಕೆಲಸ ದೊಡ್ಡದೇನಲ್ಲ. ಸ್ಪ್ರಿಂಕ್ಲರ್ ಜೆಟ್ಟಿನಲ್ಲಿ ಸಿಕ್ಕಿದ ಕಸ ಊದುವುದು, ಹುಲ್ಲು ಕತ್ತರಿಸುವ ಮೆಷಿನಿನ ಫಿಲ್ಟರ್ ಕ್ಲೀನ್ ಮಾಡುವುದು, ಜೀಪಿನ ಟಯರಿಗೆ ಗಾಳಿ, ವರ್ಷಕ್ಕೊಮ್ಮೆ ಗೇಟಿಗೆ ಪೇಂಟು, ಈಚೆಗೆ ಸಣ್ಣ ಮೊಳೆ ಹೊಡೆಯುವ ಗನ್ನು. ಕಂಪ್ರೆಸರ್ ಬಗ್ಗೆ ನನಗೆ ದೂರಿಲ್ಲ. ತಲೆ ತಿಂದದ್ದೆಲ್ಲ ಅದರ ಬಾಯಿಯಿಂದ ಗನ್ನಿನ ಬುಡದವರೆಗೆ ಇರುವ ಚಿಲ್ಲರೆ ಸಾಮಾನುಗಳು. ಹೋಸನ್ನು ಟಕ್ಕೆಂದು ಸಿಕ್ಕಿಸಿ ಕಳಚುವ ಕಪ್ಲರ್, ಜೋಡಿಸುವ ತುಂಡು ಕೊಳವೆಯಾದ ನಿಪ್ಪಲ್, ಹೋಸು, ಕ್ಲಿಪ್ಪು.

ಮೊದಲ ವರ್ಷ ಒಂದು ದಿನ ಮೈನ್ ಸ್ವಿಚ್ಚು ತೆಗೆಯಲು ಮರೆತು ಮಲಗಿದ್ದೆ. ರಾತ್ರಿ ಒಂದೂವರೆಗೆ ಶೆಡ್ಡಿನಿಂದ ಡಬಡಬ ಸದ್ದು. ಮನೆಯಾಕೆ ಎಬ್ಬಿಸಿ, "ಯಾರೋ ಮೆಷಿನ್ ಚಾಲೂ ಮಾಡಿದ್ದಾರೆ ನೋಡಿ" ಅಂದಳು. ಟಾರ್ಚು ಹಿಡಿದು ಹೋದರೆ ಯಾರೂ ಇಲ್ಲ. ಸೋರಿ ಸೋರಿ ಟ್ಯಾಂಕಿನ ಪ್ರೆಶರ್ ಇಳಿದಿತ್ತು, ಕಂಪ್ರೆಸರ್ ತನ್ನ ಪಾಡಿಗೆ ತಾನು ಎದ್ದಿತ್ತು.

ಮರುದಿನ ಅಳೆದೆ. ಟ್ಯಾಂಕು ತುಂಬಿಸಿ, ಕರೆಂಟು ತೆಗೆದು, ಕಾಲು ಗಂಟೆ ಕಾದೆ. ಬಿಸಿ ಗಾಳಿ ತಣಿಯುವಾಗ ಗೇಜಿನ ಮುಳ್ಳು ತಾನಾಗಿ ಒಂದಿಷ್ಟು ಇಳಿಯುತ್ತದೆ, ಅದು ಸೋರಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಗಡಿಯಾರ ನೋಡಿದೆ. 2 ಬಾರ್ ಇಳಿಯಲು 12 ನಿಮಿಷ. 1 ಬಾರ್ ಅಂದರೆ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟು. 24 ಲೀಟರ್ ಟ್ಯಾಂಕಿನಲ್ಲಿ 2 ಬಾರ್ ಅಂದರೆ ಹೊರಗಿನ 48 ಲೀಟರ್ ಗಾಳಿ, ನಿಮಿಷಕ್ಕೆ 4 ಲೀಟರ್. ಸೋಪು ನೀರು ಹಚ್ಚಿದೆ. ಮೂರು ಕಡೆ ನೊರೆ ಎದ್ದಿತು, ಮೂರೂ ನಾನೇ ಸಿಕ್ಕಿಸಿದ ಜಾಯಿಂಟುಗಳು!

ಒಂದನೆಯದು ಥ್ರೆಡ್ಡಿನದು, ನಮ್ಮ ಕಡೆಯ ಮಾತಿನಲ್ಲಿ ಪಿರಿಯದು. ಆನ್‌ಲೈನಿನಲ್ಲಿ ತರಿಸಿದ ಫಿಟ್ಟಿಂಗ್ ಸೆಟ್ಟಿನ ಡಬ್ಬದ ಮೇಲೆ 1/4 ಇಂಚು ಅಂತ ಇತ್ತು, ಹೊರಗೆ ಬರುವ ಪ್ರೆಶರ್ ಹೊಂದಿಸುವ ನನ್ನ ರೆಗ್ಯುಲೇಟರಿನದೂ 1/4 ಇಂಚೇ. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಗಟ್ಟಿಯಾಯಿತು. ಬಿಗಿಯಾಯಿತಲ್ಲ ಎಂದು ನಾನು ಖುಷಿಪಟ್ಟೆ. ಅಸಲು ವಿಷಯವೆಂದರೆ ಅದು ಅಮೆರಿಕದವರ ಎನ್‌ಪಿಟಿ ಥ್ರೆಡ್ಡು, ಇಂಚಿಗೆ 18 ಹಲ್ಲು, 60 ಡಿಗ್ರಿ ಕೋನ. ನಮ್ಮಲ್ಲಿ ನಡೆಯುವ ಬ್ರಿಟಿಷ್ ಮಾದರಿಯ ಬಿಎಸ್‌ಪಿಯಲ್ಲಿ 19 ಹಲ್ಲು, 55 ಡಿಗ್ರಿ. ಕಣ್ಣಿಗೆ ಎರಡೂ ಒಂದೇ ತರ. ಬಿಗಿಯಾದಂತೆ ಕಂಡದ್ದು ಒಂದರ ಹಲ್ಲು ಇನ್ನೊಂದರ ಹಲ್ಲಿಗೆ ಏರಿ ಸಿಕ್ಕಿಕೊಂಡದ್ದು, ಅಷ್ಟೆ. ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಸೋರಿತು. ಕೊನೆಗೆ ಜೋರು ಮಾಡಲು ಹೋಗಿ ರೆಗ್ಯುಲೇಟರಿನ ಥ್ರೆಡ್ಡೇ ಹಾಳಾಯಿತು.

ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ಗೊಂದಲ. ಸ್ಕೇಲು ಇಟ್ಟು ಅಳೆದರೆ 1/4 ಇಂಚಿನ ಫಿಟ್ಟಿಂಗಿನ ಹೊರಮೈ 13 ಮಿ.ಮೀ. ಬರುತ್ತದೆ, ಅಂದರೆ ಅರ್ಧ ಇಂಚಿಗೂ ಒಂದು ಕೂದಲು ಹೆಚ್ಚು. ಕಾಲಿಂಚು ಅನ್ನುವುದು ಹಿಂದಿನ ಕಾಲದ ಪೈಪಿನ ಒಳತೂತಿನ ಲೆಕ್ಕ. ಕಾಸರಗೋಡು ಪೇಟೆಯ ಅಂಗಡಿಯಲ್ಲಿ ನಾನು ಜಾಣನಂತೆ "ಅರ್ಧ ಇಂಚು ಕೊಡಿ" ಅಂದೆ. ಕೌಂಟರಿನ ಹುಡುಗ ನನ್ನ ಕೈಯಲ್ಲಿದ್ದ ಹಳೆಯ ನಿಪ್ಪಲನ್ನು ಉಗುರಲ್ಲಿ ತಿರುಗಿಸಿ ನೋಡಿ, ಮಲಯಾಳದಲ್ಲಿ "ಇದ್ ರಂಡ್ ನೂಲ್" ಅಂದು ಒಳಗೆ ಹೋದ. ಎರಡು ನೂಲು, ಅಂದರೆ ಕಾಲಿಂಚು. ಅಂದಿನಿಂದ ಹಳೆಯ ಪೀಸು ಜೇಬಿನಲ್ಲಿ ಇಲ್ಲದೆ ನಾನು ಅಂಗಡಿಗೆ ಹೋಗುವುದಿಲ್ಲ.

ಟೇಪಿನ ಬಗ್ಗೆ ಒಂದೇ ಮಾತು. ಥ್ರೆಡ್ಡಿನ ತುದಿಯನ್ನು ಮುಖದ ಕಡೆ ಹಿಡಿದು ಗಡಿಯಾರದ ದಿಕ್ಕಿಗೆ ಸುತ್ತಬೇಕು, ಮೊದಲ ಹಲ್ಲು ಬಿಟ್ಟು, ಮೂರು ಸುತ್ತು. ಉಲ್ಟಾ ಸುತ್ತಿದರೆ ಬಿಗಿಯುವಾಗ ಸಿಪ್ಪೆಯ ಹಾಗೆ ಕಳಚಿ ಬರುತ್ತದೆ, ಚೂರು ಹೋಗಿ ಕಪ್ಲರಿನ ವಾಲ್ವಿನಲ್ಲಿ ಕೂರುತ್ತದೆ.

ಎರಡನೆಯ ಸೋರಿಕೆ ಕಪ್ಲರಿನದ್ದು. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಜಪಾನಿನ ನಿಟ್ಟೊ ಕಂಪನಿಯ ಮಾದರಿಯವು, ಅಸಲಿಯೂ ಇವೆ, ಅದೇ ಅಳತೆಯ ನಕಲುಗಳೂ ಇವೆ. ಮೈಮೇಲೆ 20 ಎಸ್‌ಎಂ, 20 ಪಿಎಚ್ ಎಂದೆಲ್ಲ ಕೊರೆದಿರುತ್ತದೆ. ಎಸ್ ಅಂದರೆ ಸಾಕೆಟ್, ಬಾಯಿ ಇರುವ ಭಾಗ; ಪಿ ಅಂದರೆ ಪ್ಲಗ್, ಆ ಬಾಯಿಯೊಳಗೆ ಕೂರುವ ಮೂಗು. ಎರಡನೆಯ ಅಕ್ಷರ ಹಿಂಬದಿಯದು: ಎಂ ಇದ್ದರೆ ಹೊರ ಥ್ರೆಡ್ಡು, ಎಫ್ ಇದ್ದರೆ ಒಳ ಥ್ರೆಡ್ಡು, ಎಚ್ ಇದ್ದರೆ ಹೋಸು ತೂರಿಸುವ ಬಾಲ. 20 ಅಂದರೆ 1/4 ಇಂಚು, 30 ಅಂದರೆ 3/8, 40 ಅಂದರೆ 1/2. ನಾನು ವರ್ಷಗಟ್ಟಲೆ ತಪ್ಪು ತಿಳಿದದ್ದು ಇಲ್ಲೇ. ಈ ನಂಬರು ಹಿಂಬದಿಯ ಅಳತೆ, ಬಾಯಿಯದಲ್ಲ. 20ರ ಪ್ಲಗ್ಗು 40ರ ಸಾಕೆಟ್ಟಿಗೆ ಸುಖವಾಗಿ ಕೂರುತ್ತದೆ. ಗೊತ್ತಿಲ್ಲದೆ ಅಡಾಪ್ಟರುಗಳಿಗೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೆ ಹೋಸು ಬರುತ್ತಿತ್ತು.

ಮೊಳೆ ಗನ್ನಿನ ಜೊತೆ ಬಂದ ಪ್ಲಗ್ಗು ಅಮೆರಿಕದ ಮಾದರಿಯದು, ಮೂಗು ಸಪೂರ. ನಮ್ಮ ಸಾಕೆಟ್ಟಿಗೆ ಹಾಕಿದರೆ ಒಳಗೆ ಹೋಗುತ್ತದೆ, ಬೀಗ ಬೀಳುವುದಿಲ್ಲ. ಅದನ್ನು ಬಿಚ್ಚಿ ಬಿಸಾಡಿ ನಮ್ಮ ಮಾದರಿಯದು ಹಾಕಿ, ಹಾಕುವ ಮೊದಲು ಗನ್ನಿನ ಥ್ರೆಡ್ಡು ಯಾವುದೆಂದು ನೋಡಿ. ಶೆಡ್ಡಿಗೆ ಒಂದೇ ಜಾತಿ ಇರಲಿ. ಎರಡು ಮಾದರಿ ಒಟ್ಟಿಗೆ ಇಟ್ಟುಕೊಂಡರೆ ಬೇಕಾದ ದಿನ ಕೈಗೆ ಸಿಗುವುದು ಬೇಡದ್ದೇ.

ಇನ್ನು ದಿಕ್ಕು. ನಾನು ಹೋಸಿನ ತುದಿಗೆ ಪ್ಲಗ್ಗು, ಗನ್ನಿಗೆ ಸಾಕೆಟ್ಟು ಹಾಕಿದ್ದೆ. ಕಪಾಟು ಮಾಡಲು ಬಂದ ಆಚಾರ್ರು ನೋಡಿ, "ಎಂತ ರೈಗಳೇ, ಬಾಗಿಲು ತೆಗೆದು ಹೊರಗಿಂದ ಚಿಲಕ ಇಟ್ಟಿದ್ದೀರಿ?" ಅಂದರು. ಗಾಳಿ ತಡೆಯುವ ವಾಲ್ವು ಇರುವುದು ಸಾಕೆಟ್ಟಿನಲ್ಲಿ. ಅದು ಗಾಳಿ ಬರುವ ಕಡೆಗೇ ಇರಬೇಕು. ನನ್ನ ವ್ಯವಸ್ಥೆಯಲ್ಲಿ ಗನ್ನು ಕಳಚಿದ ಕೂಡಲೇ ಟ್ಯಾಂಕಿನ ಗಾಳಿಯೆಲ್ಲ ಹೋಸಿನಿಂದ ಭುಸ್ಸೆಂದು ಹೊರಗೆ. ನಾನೋ, ಪ್ರತಿ ಸಲ ಟ್ಯಾಂಕಿನ ವಾಲ್ವು ತಿರುಗಿಸುವುದೇ ಪದ್ಧತಿ ಅಂದುಕೊಂಡಿದ್ದೆ.

ಈಗ ಮಳೆಗಾಲದ ಕಥೆ. ಬೇರೆ ಊರಿನವರು ಬರೆದ ವಿಮರ್ಶೆ ನಮಗೆ ಪೂರ್ತಿ ಹೊಂದದಿರುವುದು ಇದರಿಂದಲೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನ ಗೋಡೆಯೇ ಬೆವರುತ್ತದೆ. ಟ್ಯಾಂಕಿನ ಅಡಿಯ ಡ್ರೈನ್ ತೆಗೆದರೆ ಚಹಾದ ಬಣ್ಣದ ನೀರು. ಒಂದು ವಾರ ಮರೆತರೆ ಆ ನೀರು ಹೋಸಿಗೆ ಬಂದು ಪೇಂಟಿನ ಮೇಲೆ ಗುಳ್ಳೆ ಗುಳ್ಳೆ. ಲೇಪದ ಕಬ್ಬಿಣದ ಅಗ್ಗದ ಸಾಕೆಟ್ಟು ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ಸಾಕೆಟ್ಟಿನ ಹೊರಗಿನ ಬಳೆ ಹಿಂದೆ ಸರಿಯುತ್ತದೆ, ಪ್ಲಗ್ಗನ್ನು ಹಿಡಿಯುವ ಒಳಗಿನ ಉಕ್ಕಿನ ಗುಂಡುಗಳು ಮಾತ್ರ ಗೂಡಿನಲ್ಲಿ ಅಂಟಿ ಕೂತಿವೆ. ಪ್ಲಗ್ಗು ಕೂತಂತೆ ಕಾಣುತ್ತದೆ, ಎಳೆದರೆ ಕೈಗೆ ಬರುತ್ತದೆ. ಇದು ಅಪಾಯ. ಅಂಥದ್ದನ್ನು ಎಣ್ಣೆ ಹಾಕಿ ಬದುಕಿಸಲು ಹೋಗಬೇಡಿ.

ಹಿತ್ತಾಳೆಯ ಸಾಕೆಟ್ಟು ಮೂರು ವರ್ಷವಾದರೂ ಮೊದಲ ದಿನದಂತೆ ಟಕ್ ಎನ್ನುತ್ತದೆ. ಬೆಲೆ ಮೂರು ಪಟ್ಟು, ಕೊಟ್ಟದ್ದಕ್ಕೆ ಬೇಸರವಿಲ್ಲ. ಪ್ಲಗ್ಗು ಮಾತ್ರ ಉಕ್ಕಿನದೇ ಇರಲಿ. ಬೋಲ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ನಿನ ನಡುಕಕ್ಕೆ ಹಿತ್ತಾಳೆಯ ಪ್ಲಗ್ಗಿನ ಗುಂಡು ಕೂರುವ ತೋಡು ಸವೆದು ಸಡಿಲಾಯಿತು. ಪ್ಲಗ್ಗು ತುಕ್ಕು ಹಿಡಿದರೆ ಬದಲಿಸಲು ಅಗ್ಗ.

ಒಂದು ಸಲ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಎರಡು ಪ್ಲಗ್ಗು ಮೈಲುತುತ್ತು ಕರಗಿಸುವ ಬಕೆಟ್ಟಿಗೆ ಬಿದ್ದು ರಾತ್ರಿಯಿಡೀ ಅಲ್ಲೇ ಇದ್ದವು. ಬೆಳಗ್ಗೆ ತೆಗೆದರೆ ತಾಮ್ರದ ಬಣ್ಣ. ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮದ್ದಿಗೆ ಸುಣ್ಣ ಸಾಕೋ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ, ಸಾಲದಿದ್ದರೆ ಕತ್ತಿ ಕೆಂಪಾಗುತ್ತದಲ್ಲ, ಅದೇ ಕೆಂಪು. ನೋಡಲು ಚೆಂದ ಇತ್ತು. ತಿಂಗಳೊಳಗೆ ಲೇಪವೆಲ್ಲ ಹೋಗಿ ಹುರುಕು ಹತ್ತಿದವರ ಹಾಗಾದವು. ಫಿಟ್ಟಿಂಗಿನ ಡಬ್ಬವನ್ನು ಮದ್ದಿನ ಸಾಮಾನಿನ ಹತ್ತಿರ ಇಡಬೇಡಿ.

ಹೋಸಿನಲ್ಲಿ ನನ್ನ ಮೊದಲ ಆಯ್ಕೆ ಸುರುಳಿ ಸುರುಳಿಯ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಹೋಸು, ಹೊರಗೆ 8 ಮಿ.ಮೀ., ಒಳಗೆ 5. ಊದುವ ಗನ್ನಿಗೆ, ಮೊಳೆ ಗನ್ನಿಗೆ ಧಾರಾಳ ಸಾಕು. ಇಂಪ್ಯಾಕ್ಟ್ ಗನ್ನಿಗೆ ಸಾಲದು. ಗೇಜು 6 ಬಾರ್ ತೋರಿಸಿದರೂ ಗನ್ನು ಗೊಣಗುತ್ತದೆ. ಗೇಜಿನ ಮಾತು ನಂಬಿ ಪ್ರೆಶರ್ ಏರಿಸುವ ಬದಲು ಒಳತೂತು 10 ಮಿ.ಮೀ. ಇರುವ ರಬ್ಬರ್ ಹೋಸು ತಂದೆ, ಸರಿಹೋಯಿತು. ಜೀಪಿನ ಚಕ್ರದ ನಟ್ಟು ಈಗ ಎರಡನೇ ಏಟಿಗೆ ಬಿಡುತ್ತದೆ.

ಪಿಯು ಹೋಸನ್ನು ಬಾಲದ ನಿಪ್ಪಲಿಗೆ ತೂರಿಸಿ ತಂತಿ ಸುತ್ತಿದ್ದೆ, ಮೂರನೆಯ ಸೋರಿಕೆ ಅದೇ. 7 ಬಾರ್‌ನಲ್ಲಿ ಒಮ್ಮೆ ಕಳಚಿ ಹಾವಿನಂತೆ ಹೊಡೆದಾಡಿ ಬಲ್ಬು ಒಡೆಯಿತು, ಪುಣ್ಯಕ್ಕೆ ನನ್ನ ಕಣ್ಣಲ್ಲ. ಪಿಯುಗೆ ನಟ್ಟು ಹಾಕಿ ಬಿಗಿಯುವ ಕಪ್ಲರೇ ಬೇರೆ ಇದೆ, ಎಸ್‌ಪಿ, ಪಿಪಿ ಎಂದು ಬರೆದಿರುತ್ತದೆ. ರಬ್ಬರಿಗೆ ಬಾಲದ ನಿಪ್ಪಲ್ ಮತ್ತು ಸ್ಕ್ರೂ ಕ್ಲಿಪ್ಪು. ತೋಟದಲ್ಲಿ ಉಳಿದ ಪಿವಿಸಿ ಪೈಪಿನಲ್ಲಿ ಗೋಡೆಗುಂಟ ಗಾಳಿಯ ಲೈನು ಎಳೆಯುವ ಯೋಚನೆ ನನಗೂ ಬಂದಿತ್ತು. ಬೇಡವೇ ಬೇಡ. ನೀರಿನ ಪೈಪು ಒಡೆದರೆ ಅಂಗಳ ಒದ್ದೆಯಾಗುತ್ತದೆ, ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಹಾರುತ್ತವೆ.

ಸದ್ಯದ ವ್ಯವಸ್ಥೆ ಹೀಗೆ: ರೆಗ್ಯುಲೇಟರ್ ಆದ ಮೇಲೆ ನೀರು ಹಿಡಿಯುವ ಫಿಲ್ಟರು, ಅದಕ್ಕೆ ಹಿತ್ತಾಳೆಯ 20 ಎಸ್‌ಎಂ, 10 ಮೀಟರ್ ರಬ್ಬರ್ ಹೋಸು, ಅದರ ತುದಿಗೆ ಹಿತ್ತಾಳೆಯ 30 ಎಸ್‌ಎಚ್, ಉಪಕರಣಗಳಿಗೆಲ್ಲ ಉಕ್ಕಿನ 20 ಪಿಎಂ. ಇಂಪ್ಯಾಕ್ಟ್ ಗನ್ನಿಗೆ ಮಾತ್ರ ನಡುವೆ ಒಂದಡಿ ತುಂಡು ಹೋಸು ಹಾಕಿದ್ದೇನೆ, ನಡುಕ ನೇರ ಕಪ್ಲರಿಗೆ ಹೊಡೆಯದಿರಲಿ ಎಂದು. ಕಳೆದ ವಾರ ಮತ್ತೆ ಅಳೆದೆ. 2 ಬಾರ್ ಇಳಿಯಲು ಸಂಜೆ ಆರರಿಂದ ಬೆಳಗ್ಗೆ ಐದೂವರೆವರೆಗೆ ಬೇಕಾಯಿತು.

ಬಾಕಿ ಉಳಿದ ದೂರು ಎರಡು. ಸಾಕೆಟ್ಟಿನೊಳಗಿನ ರಬ್ಬರ್ ರಿಂಗು ಬಿಡಿಯಾಗಿ ಪೆರ್ಲದಲ್ಲೂ ಸಿಗಲಿಲ್ಲ, ಬದಿಯಡ್ಕದಲ್ಲೂ ಸಿಗಲಿಲ್ಲ. ಮಂಗಳೂರಿನ ಬಂದರಿನಿಂದ ಡಜನು ತರಿಸಿ ಇಟ್ಟಿದ್ದೇನೆ. ಇನ್ನೊಂದು ಇಲಿಯದು. ಮೊಳೆ ಗನ್ನಿನ ನೀಲಿ ಪಿಯು ಹೋಸನ್ನು ಈ ವರ್ಷ ಎರಡು ಸಲ ಕಡಿದಿದೆ, ಪಕ್ಕದಲ್ಲೇ ಇರುವ ಕಪ್ಪು ರಬ್ಬರನ್ನು ಮೂಸಿಯೂ ನೋಡಿಲ್ಲ.