ಹಳೆ ಬೈಕಿಗೆ ಕ್ಯಾಲಿಪರ್ ಸೀಲ್ ಕಿಟ್: ಮೂರು ವರ್ಷ ಓಡಿಸಿದ ಮೇಲೆ

ಈ ಕಿಟ್ ಹಾಕಿ ಮೂರು ವರ್ಷ ಆಯಿತು, ಬೈಕ್ ಹತ್ತಿರ ಹತ್ತಿರ 20,000 ಕಿಲೋಮೀಟರ್ ಓಡಿದೆ. ಕಿಟ್ ಚೆನ್ನಾಗಿದೆ. ಆದರೆ ಹಾಕಿದ ಕೂಡಲೇ ಬ್ರೇಕ್ ಸರಿಹೋಗಲಿಲ್ಲ, ಅದಕ್ಕೆ ಕಿಟ್ಟನ್ನು ಬೈಯೋದು ನ್ಯಾಯ ಅಲ್ಲ.

ಗಾಡಿಗೆ ಇಪ್ಪತ್ತು ವರ್ಷ ದಾಟಿದೆ. ಮುಂದೆ ಒಂದು ಡಿಸ್ಕ್, ಅದನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್, ಅದರಲ್ಲಿ ಪ್ಯಾಡ್ ತಳ್ಳುವ ಪಿಸ್ಟನ್ ಒಂದೇ. ಹೊರಡುವಾಗ ಎಲ್ಲ ಸರಿ ಇರುತ್ತಿತ್ತು, ಅರ್ಧ ಗಂಟೆ ಓಡಿಸಿ ನಿಲ್ಲಿಸಿ ತಳ್ಳಿದರೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಭಾರ, ಡಿಸ್ಕ್ ಹತ್ತಿರ ಕೈ ತಂದರೇ ಬಿಸಿ ಹೊಡೆಯುತ್ತಿತ್ತು. ತಣ್ಣಗಾದ ಮೇಲೆ ಚಕ್ರ ಮತ್ತೆ ಸಲೀಸಾಗಿ ತಿರುಗುತ್ತಿತ್ತು. ಮೆಕ್ಯಾನಿಕ್ ಒಬ್ಬರು ಪ್ಯಾಡ್ ಬದಲಾಯಿಸಿದರು. ಹೊಸ ಪ್ಯಾಡ್ ದಪ್ಪ ಅಲ್ವಾ, ಇನ್ನೂ ಜಾಸ್ತಿ ಹಿಡಿಯಿತು!

ಆಮೇಲೆ ಈ ಕಿಟ್ ತರಿಸಿದೆ. ಒಳಗೆ ಎರಡು ಸೀಲ್, ಒಂದು ಬ್ರೇಕ್ ಆಯಿಲ್ ತಡೆಯೋಕೆ, ಇನ್ನೊಂದು ಧೂಳಿಗೆ. ಜೊತೆಗೆ ಸ್ಲೈಡ್ ಪಿನ್ನಿನ (ಕ್ಯಾಲಿಪರ್ ಪಕ್ಕಕ್ಕೆ ಜಾರೋಕೆ ಇರುವ ಪಿನ್) ರಬ್ಬರ್, ಒಂದು ಪುಟ್ಟ ಗ್ರೀಸ್ ಪೊಟ್ಟಣ. ಪಿಸ್ಟನ್ ತೆಗೆಯೋಕೆ ಹೋಸ್ (ಆಯಿಲ್ ಬರುವ ಕೊಳವೆ) ಬಿಚ್ಚುವ ಮೊದಲೇ ಲಿವರ್ ಒತ್ತಿ ಒತ್ತಿ ಹೊರಗೆ ತಳ್ಳಿಸಿ. ಹೋಸ್ ಬಿಚ್ಚಿಟ್ಟು ಆಮೇಲೆ ಇಕ್ಕಳದಲ್ಲಿ ಎಳೆದಾಡಿದರೆ ಪಿಸ್ಟನ್ ಗೀರುತ್ತದೆ. ಕಂಪ್ರೆಸರ್ ಗಾಳಿ ಹೊಡೆದರೆ ಗುಂಡಿನ ಹಾಗೆ ಹಾರಿ ಬರುತ್ತದೆ, ಬೆರಳು ಹೋದೀತು.

ಪಿಸ್ಟನ್ ಚೆನ್ನಾಗೇ ಇತ್ತು. ಕೊಳಕಿದ್ದದ್ದು ಸೀಲ್ ಕೂರುವ ಕಾಲುವೆಯಲ್ಲಿ, ಬಿಳಿ ಪುಡಿ ಕಲ್ಲಾಗಿ ಕೂತಿತ್ತು. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯೋಕೆ ಒಳಗೆ ಸ್ಪ್ರಿಂಗ್ ಇಲ್ಲ. ಲಿವರ್ ಒತ್ತಿದಾಗ ಸೀಲ್ ಸ್ವಲ್ಪ ವಾಲುತ್ತದೆ, ಬಿಟ್ಟಾಗ ನೆಟ್ಟಗಾಗುತ್ತದೆ, ಆ ಕೂದಲೆಳೆಯಷ್ಟು ಅಂತರದಲ್ಲೇ ಚಕ್ರ ಬಿಡುಗಡೆ ಆಗಬೇಕು. ಸೀಲಿನ ಹಿಂದೆ ಪುಡಿ ತುಂಬಿದರೆ ಸೀಲ್ ಪಿಸ್ಟನ್ನನ್ನು ಅಮುಕಿ ಹಿಡಿಯುತ್ತದೆ. ಅದನ್ನು ಕೆರೆದು ತೆಗೆಯದೆ ಹೊಸ ಸೀಲ್ ಹಾಕಿದರೆ ಸುಮ್ನೆ ದುಡ್ಡು ದಂಡ. ನನಗೆ ಆ ಕೆಲಸಕ್ಕೇ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು.

ಎಲ್ಲ ಜೋಡಿಸಿ ಓಡಿಸಿದರೆ ಹಿಡಿತ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಈ ಸಲ ಬಿಸಿಯಾಗಿ ಹಿಡಿದುಕೊಂಡಾಗಲೇ ನಿಲ್ಲಿಸಿ ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿದೆ. ಪಿಚಕ್ ಅಂತ ಆಯಿಲ್ ಚಿಮ್ಮಿತು, ಚಕ್ರ ತಕ್ಷಣ ಬಿಟ್ಟುಕೊಂಡಿತು. ಅಂದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿದೆ, ತೊಂದರೆ ಮೇಲಿದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ಆಗ ಕ್ಯಾಲಿಪರ್ ಅಥವಾ ಪಿನ್ನಿನ ಕಡೆ ನೋಡಬೇಕು. ಈ ಪರೀಕ್ಷೆ ಮೊದಲ ದಿನವೇ ಮಾಡಬೇಕಿತ್ತು, ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೇಲೆ ಇರುವುದು ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್. ಅದರ ಆಯಿಲ್ ಡಬ್ಬಿಯ ತಳದಲ್ಲಿ ಎರಡು ತೂತು ಇರುತ್ತವೆ. ಅದರಲ್ಲಿ ಒಂದು ಸೂಜಿಮೊನೆಯಷ್ಟು ಸಣ್ಣದು, ಬಿಸಿಗೆ ಹಿಗ್ಗಿದ ಆಯಿಲ್ ವಾಪಸ್ ಹೋಗುವ ದಾರಿ ಅದೇ. ನನ್ನದರಲ್ಲಿ ಅದು ಮುಚ್ಚಿಹೋಗಿತ್ತು. ತೆಳು ತಂತಿಯ ಒಂದು ಎಳೆ ಮೆಲ್ಲಗೆ ತೂರಿಸಿ ಬಿಡಿಸಿದೆ. ತೊಂದರೆ ಅಲ್ಲಿಗೆ ಮುಗಿಯಿತು. ಹಳೆ ರಬ್ಬರ್ ಹೋಸ್ ಒಳಗೇ ಊದಿಕೊಂಡರೂ ಇದೇ ಲಕ್ಷಣ ಬರುತ್ತದೆ, ಹಾಗಾಗಿ ಅದನ್ನೂ ಬದಲಾಯಿಸಿದೆ.

ಬ್ಲೀಡಿಂಗ್ (ಆಯಿಲ್ ಒಳಗಿನ ಗಾಳಿ ಹೊರಹಾಕೋದು) ಮಾಡುವಾಗ ಗಾಳಿ ಮೇಲಕ್ಕೇರುತ್ತದೆ ಅನ್ನೋದು ನೆನಪಿರಲಿ. ಎಷ್ಟು ಒತ್ತಿದರೂ ಲಿವರ್ ಮೆತ್ತಗಿದ್ದರೆ ಕೆಳಗಿನ ನಿಪ್ಪಲಿನಿಂದ ಸಿರಿಂಜಲ್ಲಿ ಆಯಿಲ್ ಮೇಲಕ್ಕೆ ತಳ್ಳಿ ನೋಡಿ, ನನಗೆ ಅದರಲ್ಲೇ ಆಯಿತು. ಮೇಲಿನ ಡಬ್ಬಿ ಉಕ್ಕದ ಹಾಗೆ ನೋಡಿಕೊಳ್ಳಿ. ಟ್ಯಾಂಕಿಗೆ ಬಟ್ಟೆ ಹೊದಿಸಿ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮೇಲಿನ ಲೆಕ್ಕ ಬರೀ 155. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಅದಕ್ಕೇ.

ಕಳೆದ ತಿಂಗಳು ಪ್ಯಾಡ್ ಹಾಕುವಾಗ ಕ್ಯಾಲಿಪರ್ ಮತ್ತೆ ನೋಡಿದೆ. ಪಿಸ್ಟನ್ ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಎಲ್ಲೂ ಸೋರಿಲ್ಲ, ಎರಡೂ ಪ್ಯಾಡ್ ಒಂದೇ ಸಮ ಸವೆದಿವೆ. ಧೂಳಿನ ಸೀಲ್ ಮಾತ್ರ ಸ್ವಲ್ಪ ಗಟ್ಟಿಯಾಗಿದೆ.

ದೂರು ಎರಡು. ಹೋಸ್ ಬೋಲ್ಟಿಗೆ ಬೇಕಾದ ತಾಮ್ರದ ವಾಷರ್ ಕೊಟ್ಟಿಲ್ಲ, ಬಿಚ್ಚಿದಾಗಲೆಲ್ಲ ಹೊಸದು ಬೇಕು ಅಂತ ಅವರಿಗೆ ಗೊತ್ತಿಲ್ಲವೇ? ಗ್ರೀಸ್ ಎರಡು ಪಿನ್ನಿಗೂ ಸಾಲುವುದಿಲ್ಲ. ಮನೆಯಲ್ಲಿರುವ ಮಾಮೂಲಿ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ, ಸಿಲಿಕೋನ್ ಗ್ರೀಸ್ ತಗೊಳ್ಳಿ. ನಿಮ್ಮ ಪಿಸ್ಟನ್ ಸೀಲ್ ಉಜ್ಜುವ ಜಾಗದಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಬರೀ ಈ ಕಿಟ್ ಸಾಲದು, ಪಿಸ್ಟನ್ನೂ ಸೇರಿಸಿ ತರಿಸಿ. ಐದಕ್ಕೆ ನಾಲ್ಕು ಸ್ಟಾರ್.