ಮೇಲ್ಮಣ್ಣು: ನೇರವಾಗಿ ಹರಡುವುದೋ, ರಾಶಿ ಹಾಕಿ ಕಾಯುವುದೋ?

ಗಣಿಗಾಗಿ ತೆಗೆದ ಮೇಲ್ಮಣ್ಣನ್ನು ಕೂಡಲೇ ಸಾಗಿಸಿ, ಅಗೆತ ಮುಗಿದು ಮರುಭರ್ತಿಯಾಗಿರುವ ಇನ್ನೊಂದು ಜಾಗದ ಮೇಲೆ ಹರಡುವುದು ಒಂದು ವಿಧಾನ; ತಗ್ಗಾದ, ಅಗಲವಾದ ರಾಶಿಗಳಲ್ಲಿ ಇಟ್ಟು ಕಾಯುವುದು ಎರಡನೆಯದು; ಜಾಗ ಸಾಲದೆಂದು ಎಲ್ಲವನ್ನೂ ಎತ್ತರದ ಒಂದೇ ಗುಡ್ಡೆಯಾಗಿ ಪೇರಿಸುವುದು ಮೂರನೆಯದು. ಒಂದೇ ಗಣಿಯ, ಒಂದೇ ಬಗೆಯ ಜೇಡಿಮಿಶ್ರಿತ ಮಣ್ಣಿನಲ್ಲಿ ಈ ಮೂರನ್ನೂ ಮಾಡಿ ನೋಡುವ ಅವಕಾಶ ನನಗೆ ಒದಗಿತ್ತು. ನೇರ ಹರಡುವಿಕೆಗೆ ಸರಿಸಾಟಿಯಾದ ರಾಶಿಯನ್ನು ನಾನು ಇದುವರೆಗೂ ಕಂಡಿಲ್ಲ. ಆದರೆ ಅದು ಎಲ್ಲ ಕಡೆಯೂ ಸಾಧ್ಯವಾಗುವುದಿಲ್ಲವಾದ್ದರಿಂದ ಉಳಿದೆರಡರ ನಡುವಣ ವ್ಯತ್ಯಾಸವನ್ನು ವಿವರವಾಗಿಯೇ ನೋಡಬೇಕಾಗುತ್ತದೆ.

ನೇರವಾಗಿ ಹರಡಿದ ಜಾಗದಲ್ಲಿ ಮೊದಲ ಮಳೆಯ ನಂತರ ನಾವು ಬಿತ್ತದ ಗಿಡಗಳೂ ಮೊಳೆತವು. ಮಣ್ಣಿನೊಳಗಿನ ಜೀವಂತ ಬೀಜಗಳ ಬಹುಪಾಲು ಮೇಲಿನ ಸುಮಾರು 5 ಸೆಂ.ಮೀ. ಪದರದಲ್ಲೇ ಇರುತ್ತದೆ, ಬೇರುಗಳೊಂದಿಗೆ ಸಹಬಾಳ್ವೆ ನಡೆಸುವ ಶಿಲೀಂಧ್ರಗಳೂ ಎರೆಹುಳುಗಳೂ ಅಲ್ಲೇ ಹತ್ತಿರದಲ್ಲಿರುತ್ತವೆ. ಅಲ್ಪ ಕಾಲದಲ್ಲಿ ಸ್ಥಳ ಬದಲಿಸಿದರೆ ಇವುಗಳಲ್ಲಿ ಸಾಕಷ್ಟು ಬದುಕಿ ಉಳಿಯುತ್ತವೆ. ಈ ಕಾರಣದಿಂದಲೇ ತೆಳುವಾದ ಮೇಲ್ಪದರವನ್ನು ಮೊದಲು ಪ್ರತ್ಯೇಕವಾಗಿ ತೆಗೆದು, ಅದರ ಕೆಳಗಿನ ಮಣ್ಣನ್ನು ಎರಡನೆಯ ಸುತ್ತಿನಲ್ಲಿ ತೆಗೆದು, ಹರಡುವಾಗ ಆ ಕ್ರಮವನ್ನು ತಿರುಗಿಸುವುದು ಒಳ್ಳೆಯದು. 25 ಸೆಂ.ಮೀ. ಮಣ್ಣನ್ನು ಒಂದೇ ಬಾರಿಗೆ ಕೆರೆದರೆ ಹೆಚ್ಚಿನ ಬೀಜಗಳು ಮೊಳೆತು ಮೇಲೆ ಬರಲಾರದಷ್ಟು ಆಳದಲ್ಲಿ ಹೂತುಹೋಗುತ್ತವೆ. ಎರಡು ಸುತ್ತಿನ ಕೆಲಸಕ್ಕೆ ಯಂತ್ರದ ಸಮಯ ಹೆಚ್ಚು ಬೇಕೆಂಬುದು ನಿಜ, ಮೇಲ್ವಿಚಾರಕರು ಗೊಣಗುವುದೂ ನಿಜ.

ಈ ವಿಧಾನದ ತೊಡಕಿರುವುದು ಮಣ್ಣಿನಲ್ಲಲ್ಲ, ಗಣಿಯ ಅಗೆತದ ಕ್ರಮದಲ್ಲಿ. ಮಣ್ಣು ತೆಗೆಯುವ ದಿನವೇ ಅದನ್ನು ಹಾಕುವ ಜಾಗವೂ ಮಟ್ಟವಾಗಿ, ಇಳಿಜಾರು ಸರಿಪಡಿಸಿ ಸಿದ್ಧವಾಗಿರಬೇಕು. ಮೊದಲ ಅಗೆತದ ಮಣ್ಣಿಗೆ ಅಂಥ ಜಾಗ ಎಲ್ಲಿಯೂ ಇರುವುದಿಲ್ಲವಾದ್ದರಿಂದ ಆ ಪಾಲು ರಾಶಿಗೆ ಹೋಗಲೇಬೇಕು.

ರಾಶಿಗಳ ವಿಷಯದಲ್ಲಿ ವಾದವೆಲ್ಲ ಎತ್ತರದ ಸುತ್ತಲೇ ನಡೆಯುತ್ತದೆ, ಅದಕ್ಕೆ ಲೆಕ್ಕವೇ ಕಾರಣ. ಒಂದು ಹೆಕ್ಟೇರಿನಿಂದ 20 ಸೆಂ.ಮೀ. ಮಣ್ಣು ತೆಗೆದರೆ 2,000 ಘನ ಮೀಟರ್ ಆಗುತ್ತದೆ; ಸಡಿಲಗೊಂಡು ಕಾಲು ಭಾಗದಷ್ಟು ಉಬ್ಬಿತೆಂದುಕೊಂಡರೆ 2,500. ಅದನ್ನು 2 ಮೀಟರ್ ಎತ್ತರಕ್ಕೆ ಹಾಕಲು ಅಂಚಿನ ಇಳಿಜಾರನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 1,250 ಚದರ ಮೀಟರ್ ಬೇಕು. ಅಷ್ಟು ನೆಲ ಬಿಡಲು ಮನಸ್ಸಿಲ್ಲದವರು 6 ಮೀಟರಿನ ಗುಡ್ಡೆಯತ್ತ ವಾಲುವುದು ಸಹಜ.

ಆ ಗುಡ್ಡೆಯನ್ನು ಕೆಲವು ವರ್ಷಗಳ ನಂತರ ಎಕ್ಸ್‌ಕವೇಟರ್‌ನಿಂದ ಸೀಳಿದಾಗ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು. ಹೊರಗಿನ ಪದರ ಕಂದು ಬಣ್ಣದ್ದು, ಬೇರು ಹೆಣೆದದ್ದು, ಬೆರಳಲ್ಲಿ ಹಿಡಿದರೆ ಹುಡಿಯಾಗುವಂಥದ್ದು. ಸುಮಾರು ಒಂದು ಮೀಟರಿನಿಂದ ಒಳಕ್ಕೆ ಬಣ್ಣ ಬೂದು ನೀಲಿಗೆ ತಿರುಗಿತ್ತು, ಮಣ್ಣು ಹೆಂಟೆಹೆಂಟೆಯಾಗಿ ಬರುತ್ತಿತ್ತು, ಹಳಸಿದ ಕೊಳಚೆಯ ವಾಸನೆ ಇತ್ತು. ಗಾಳಿಯಾಡದ ಒಡಲಿನಲ್ಲಿ ಗಿಡಗಳಿಗೆ ಬೇಕಾದ ಸಾರಜನಕ ಅಮೋನಿಯಂ ರೂಪದಲ್ಲಿ ಶೇಖರವಾಗುತ್ತದೆ. ಅದನ್ನು ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಇಂಥ ಮಣ್ಣನ್ನು ಹರಡಿದೊಡನೆ ಅದೆಲ್ಲ ವೇಗವಾಗಿ ನೈಟ್ರೇಟ್ ಆಗಿ, ಹೀರಿಕೊಳ್ಳುವ ಬೇರುಗಳು ಇಳಿಯುವ ಮುನ್ನವೇ ಮಳೆನೀರಿನೊಂದಿಗೆ ಹರಿದುಹೋಗುತ್ತದೆ. ಮರಳು ಹೆಚ್ಚಿರುವ ಮಣ್ಣಿನಲ್ಲಿ ಗಾಳಿ ಇನ್ನಷ್ಟು ಆಳಕ್ಕೆ ಇಳಿಯುವುದರಿಂದ ಅಲ್ಲಿ ಎತ್ತರದ ಬಗ್ಗೆ ಸ್ವಲ್ಪ ಉದಾರವಾಗಿರಬಹುದು.

ತಗ್ಗು ರಾಶಿಯಲ್ಲಿ ಇಂಥ ಸತ್ತ ಒಡಲು ತೀರಾ ಕಡಿಮೆ. ಅದರ ಮೇಲೆ ಹುಲ್ಲಿನೊಂದಿಗೆ ದ್ವಿದಳ ಸಸ್ಯಗಳನ್ನು ಬೇಗನೆ ಬಿತ್ತಿದರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಜೀವಂತ ಬೇರುಗಳ ಆಸರೆಯಲ್ಲಿ ಶಿಲೀಂಧ್ರಗಳೂ ಉಳಿಯುತ್ತವೆ. ಬರಿದಾಗಿ ಬಿಟ್ಟ ರಾಶಿಯನ್ನು ಕಳೆ ಆಕ್ರಮಿಸುತ್ತದೆ, ಆ ಕಳೆಯ ಬೀಜ ಮುಂದೆ ಮರುಭರ್ತಿ ನೆಲಕ್ಕೂ ಹೋಗುತ್ತದೆ. ಹಾಗೆಂದು ತಗ್ಗು ರಾಶಿಯೂ ಕಾಲವನ್ನು ತಡೆಯಲಾರದು. ವರ್ಷಗಳು ಕಳೆದಂತೆ ಮೂಲ ಬೀಜಗಳ ಮೊಳಕೆಶಕ್ತಿ ಅಲ್ಲಿಯೂ ಕುಗ್ಗುತ್ತದೆ.

ಮೂರು ವಿಧಾನಗಳಿಗೂ ಸಮಾನವಾಗಿ ಅನ್ವಯಿಸುವುದೊಂದಿದೆ, ಅದು ಮಣ್ಣಿನ ಹದ. ಹಸಿ ಮಣ್ಣನ್ನು ಎತ್ತಿದರೆ, ಬುಲ್ಡೋಜರ್ ಅದರ ಮೇಲೆ ಓಡಾಡಿದರೆ, ರಂಧ್ರಗಳು ಮುಚ್ಚಿ ಅದು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ತಗ್ಗಾಗಿ ಹಾಕಿದರೂ ಪ್ರಯೋಜನವಿಲ್ಲ. ತೆಗೆಯುವ ಮುನ್ನ ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಬೇಕು: 3 ಮಿ.ಮೀ. ದಪ್ಪದ ಎಳೆಯಾಗಿ ಮುರಿಯದೆ ನಿಂತರೆ ಕೆಲಸ ಮುಂದೂಡಬೇಕು, ಅದಕ್ಕೆ ಮೊದಲೇ ಪುಡಿಯಾದರೆ ತೆಗೆಯಬಹುದು. ಎಕ್ಸ್‌ಕವೇಟರ್ ಹಿಂದೆ ಸರಿಯುತ್ತ ಮಣ್ಣನ್ನು ಟಿಪ್ಪರಿಗೆ ತುಂಬಿ, ರಾಶಿಯ ಮೇಲೆ ಯಾವ ವಾಹನವೂ ಹತ್ತದಂತೆ ಸುರಿದ ಪಾಲು ಬುಲ್ಡೋಜರ್ ತಳ್ಳಿದ ಪಾಲಿಗಿಂತ ಸ್ಪಷ್ಟವಾಗಿ ಸಡಿಲವಾಗಿತ್ತು.

ಎತ್ತರದ ಗುಡ್ಡೆ ಈಗಾಗಲೇ ಇದ್ದರೆ, ತೆರೆಯುವಾಗ ಅದನ್ನು ಎರಡು ಬೇರೆ ಮಣ್ಣೆಂದೇ ಪರಿಗಣಿಸಬೇಕು. ಹೊರಗಿನ ಒಂದು ಮೀಟರನ್ನು ಮೊದಲು ಪಕ್ಕಕ್ಕೆ ತೆಗೆದಿಟ್ಟು, ಒಡಲಿನ ಮಣ್ಣನ್ನು ಕೆಳಪದರವಾಗಿ ಹರಡಿ, ಹೊರಮಣ್ಣನ್ನು ಅದರ ಮೇಲೆ ಹಾಸಿ, ತಡಮಾಡದೆ ಬಿತ್ತಬೇಕು.