ಬಿಳಿ ಕೊಕ್ಕರೆಯ ಲೆಕ್ಕ: ಕ್ಲಾಸ್, ವರ್ಕ್‌ಶಾಪ್, ಫೀಲ್ಡ್ ಟ್ರಿಪ್

ರಂಗನತಿಟ್ಟಿಗೆ ಮೊದಲ ಸಲ ಹೋಗಿಬಂದವರ ಮೆಮೊರಿ ಕಾರ್ಡ್‌ನಲ್ಲಿ ಒಂದು ತಪ್ಪು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಣ್ಣದ ಕೊಕ್ಕರೆಯ ಮೈ ಸುಣ್ಣ ಬಳಿದ ಗೋಡೆಯಂತಾಗಿ, ಒಂದು ಗರಿಯೂ ಬಿಡಿಯಾಗಿ ಕಾಣುವುದಿಲ್ಲ. ಫೋಟೋಗ್ರಫಿ ಕಲಿಯಲು ಕ್ಲಾಸ್, ವರ್ಕ್‌ಶಾಪ್, ಫೀಲ್ಡ್ ಟ್ರಿಪ್ ಮೂರನ್ನೂ ಮಾಡಿ ನೋಡಿದ ನಮಗೆ, ಅವುಗಳನ್ನು ಒರೆಗೆ ಹಚ್ಚಲು ಈ ಒಂದು ತಪ್ಪೇ ಸಾಕು ಅನಿಸಿದೆ.

ವಾರಕ್ಕೊಂದು ದಿನದ ಕ್ಲಾಸ್ ಬೇಸರ ತರಿಸುತ್ತದೆ ಎಂಬ ದೂರು ನಿಜ. ಆದರೆ ಈ ತಪ್ಪಿನ ಬೇರು ಸಿಗುವುದು ಅಲ್ಲೇ. ಒಳ್ಳೆಯ ಮೇಷ್ಟ್ರು ಕೊಡುವ ಮನೆಪಾಠ ಸರಳ. ಬಿಳಿ ಬೆಡ್‌ಶೀಟನ್ನು ಫ್ರೇಮ್ ತುಂಬ ಹಿಡಿದು ಅಪರ್ಚರ್ ಪ್ರಯಾರಿಟಿಯಲ್ಲಿ (ಲೆನ್ಸಿನ ಕಿಂಡಿಯನ್ನು ನಾವು ಆರಿಸಿ, ಶಟರ್ ವೇಗವನ್ನು ಕ್ಯಾಮೆರಾಗೆ ಬಿಡುವ ಮೋಡ್) ಒಂದು ಚಿತ್ರ, ಕರಿ ಕಂಬಳಿಯನ್ನು ಹಾಗೇ ಹಿಡಿದು ಇನ್ನೊಂದು. ಎರಡೂ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಬಿಳಿ, ಕಪ್ಪು ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬಣ್ಣಕ್ಕೆ ಎಳೆಯುವುದಷ್ಟೇ ಅದರ ಕೆಲಸ. ಇನ್ನೊಂದು ಪಾಠ ಕಿಟಕಿಯ ಪಕ್ಕ ಇಟ್ಟ ಹಿತ್ತಾಳೆ ಚೊಂಬಿನದು. ಲೆನ್ಸಿನ ಕಿಂಡಿ ಎಫ್ 4ಕ್ಕೆ ಶಟರ್ 1/250 ಸೆಕೆಂಡ್, ಎಫ್ 8ಕ್ಕೆ 1/60, ಎಫ್ 16ಕ್ಕೆ 1/15: ಮೂರರಲ್ಲೂ ಬೆಳಕು ಒಂದೇ, ಚೊಂಬಿನ ಹಿಂದಿನ ಗೋಡೆಯ ಮಸುಕು ಮಾತ್ರ ಬೇರೆ ಬೇರೆ. ಮೂರನೆಯದನ್ನು ಕೈಯಲ್ಲಿ ಹಿಡಿದು ತೆಗೆದರೆ ಅಲುಗಾಡುತ್ತದೆ, ಟ್ರೈಪಾಡ್ ಏಕೆ ಬೇಕೆಂದು ಆಗ ತಾನಾಗಿ ಗೊತ್ತಾಗುತ್ತದೆ. ಎರಡು ತರಗತಿಗಳ ನಡುವಿನ ಆ ಆರು ದಿನವೇ ಕ್ಲಾಸಿನ ನಿಜವಾದ ಬಂಡವಾಳ. ಆ ದಿನಗಳಲ್ಲಿ ಕ್ಯಾಮೆರಾ ಮುಟ್ಟದವರಿಗೆ ಫೀಸು ದಂಡ.

ವಾರಾಂತ್ಯದ ವರ್ಕ್‌ಶಾಪ್ ಒಂದೇ ವಿಷಯಕ್ಕೆ ಅಂಟಿಕೊಂಡಿದ್ದರೆ ಮಾತ್ರ ಲಾಭ. ಸ್ಟುಡಿಯೊ ಲೈಟಿಂಗ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ. ಸಾಫ್ಟ್‌ಬಾಕ್ಸನ್ನು (ಫ್ಲ್ಯಾಶ್ ಬೆಳಕನ್ನು ಮೆದುವಾಗಿಸುವ ಬಟ್ಟೆಯ ಪೆಟ್ಟಿಗೆ) ಒಂದು ಮೀಟರ್‌ನಿಂದ ಎರಡು ಮೀಟರ್‌ಗೆ ಸರಿಸಿದರೆ ಬೆಳಕು ಅರ್ಧಕ್ಕಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಫ್ಲ್ಯಾಶ್ ಬಳಸುವಾಗ ಶಟರ್ ವೇಗ 1/250 ದಾಟಿಸಿದರೆ ಚಿತ್ರದ ಒಂದು ಅಂಚಿನಲ್ಲಿ ಕರಿ ಪಟ್ಟಿ ಬರುವುದನ್ನೂ ಅಷ್ಟೇ (ಕೆಲವು ಕ್ಯಾಮೆರಾಗಳಲ್ಲಿ ಮಿತಿ 1/200). ತೊಂದರೆ ಎಂದರೆ ಹದಿನೈದು ಜನಕ್ಕೆ ಫ್ಲ್ಯಾಶ್ ಹೊತ್ತಿಸುವ ಟ್ರಿಗರ್ ಒಂದೇ, ಲೈಟು ಮೊದಲೇ ಹೊಂದಿಸಿಟ್ಟಿರುತ್ತಾರೆ. ‘ಐಎಸ್‌ಒ 100, 1/160, ಎಫ್ 8 ಇಟ್ಟುಕೊಳ್ಳಿ’ ಎನ್ನುತ್ತಾರೆ, ಎಲ್ಲರ ಚಿತ್ರವೂ ಚೆನ್ನಾಗಿ ಬರುತ್ತದೆ, ಲೈಟ್ ಸ್ಟ್ಯಾಂಡ್ ಮುಟ್ಟಿದವರು ಯಾರೂ ಇರುವುದಿಲ್ಲ. ಇನ್ನು ನಮ್ಮ ಕೊಕ್ಕರೆಯ ವಿಷಯದಲ್ಲಿ ವರ್ಕ್‌ಶಾಪ್ ಕೊಡುವುದು ಚಿಕಿತ್ಸೆಯನ್ನಷ್ಟೇ: ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಹೈಲೈಟ್, ಅಂದರೆ ಅತಿ ಬೆಳಕಿನ ಭಾಗ, ಇಳಿಸುವುದು. ಪೂರ್ತಿ ಸುಟ್ಟುಹೋದ ಬಿಳಿಯಲ್ಲಿ ಗರಿ ಮರಳಿ ಹುಟ್ಟುವುದಿಲ್ಲ.

ಫೀಲ್ಡ್ ಟ್ರಿಪ್‌ಗೆ ರಂಗನತಿಟ್ಟು ಒಂದೇ ಸಾಲದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೂ ಸೇರಿಸಿರುವ ಟ್ರಿಪ್ ಆರಿಸಿಕೊಳ್ಳಿ ಎಂಬುದು ನಮ್ಮ ಹಟ. ಎರಡೂ ಕಡೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ, ಎರಡೂ ಬೆಂಗಳೂರು–ಮೈಸೂರು ದಾರಿಯ ಆಸುಪಾಸಿನಲ್ಲೇ ಇವೆ, ಆದರೆ ಲೆಕ್ಕ ಪೂರ್ತಿ ತಿರುಗುಮುರುಗು. ರಂಗನತಿಟ್ಟಿನಲ್ಲಿ ಹಕ್ಕಿಯ ಹಿಂದೆ ನಡುಗಡ್ಡೆಯ ಕಡು ಹಸಿರು. ಮೀಟರ್ ಆ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಬಿಳಿ ಸುಡುತ್ತದೆ. ಕಾಂಪೆನ್ಸೇಶನ್ (ಮೀಟರ್ ಹೇಳಿದ ಬೆಳಕನ್ನು ನಾವು ಹೆಚ್ಚು–ಕಡಿಮೆ ಮಾಡುವ ಗುಂಡಿ) ಮೈನಸ್ 0.7ರಿಂದ ಮೈನಸ್ 1 ಬೇಕು. ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆಮರದ ಗೂಡುಗಳತ್ತ ಕೆಳಗಿನಿಂದ ಕತ್ತೆತ್ತಿ ಕ್ಯಾಮೆರಾ ಹಿಡಿಯುತ್ತೀರಿ, ಹಿಂದೆ ಬಿಳಿಚಿದ ಆಕಾಶ. ಅಲ್ಲಿ ಅದೇ ಕೊಕ್ಕರೆ, ಪಕ್ಕದ ಹೆಜ್ಜಾರ್ಲೆ ಸಹಿತ, ಕರಿಯ ನೆರಳಾಗಿ ಬರುತ್ತದೆ. ಪ್ಲಸ್ 1ರಿಂದ ಶುರುಮಾಡಬೇಕು. ಬೆಡ್‌ಶೀಟ್ ಪಾಠ ಮಾಡಿ ಹೋದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಉಳಿದವರು ‘ಹಕ್ಕಿಗೆ ಮೈನಸ್ ಇಡಬೇಕು’ ಎಂದು ಮೊದಲ ಜಾಗದಲ್ಲಿ ಬಾಯಿಪಾಠ ಮಾಡಿಕೊಂಡು ಎರಡನೆಯದರಲ್ಲಿ ಮೋಸಹೋಗುತ್ತಾರೆ.

ಹಾರುವ ಹಕ್ಕಿ ಮರದ ಮುಂದಿನಿಂದ ಆಕಾಶಕ್ಕೆ ದಾಟುವಾಗ ಕಾಂಪೆನ್ಸೇಶನ್ ಕೂಡ ಕೈಕೊಡುತ್ತದೆ. ಆಗ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್. ಹೊಳೆಯುವ ಬಿಸಿಲಿಗೆ ಐಎಸ್‌ಒ 400, ಎಫ್ 8, 1/1600 ಸರಿಯಾದ ಲೆಕ್ಕ. ಬಿಳಿ ಹಕ್ಕಿಗೆ 1/2500ಕ್ಕೆ ಬಿಗಿ ಮಾಡಿ. ಮೋಡ ಬಂದರೆ ಬದಲಿಸಬೇಕು ಎಂಬುದು ನೆನಪಿರಲಿ. ಆಟೋ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆಯನ್ನು ಕ್ಯಾಮೆರಾವೇ ಬದಲಿಸುವುದು) ಆನ್ ಆಗಿಯೇ ಉಳಿದಿದ್ದರೆ ಅದು ಹೆಸರಿಗಷ್ಟೇ ಮ್ಯಾನ್ಯುಯಲ್, ಬೆಳಕಿನ ತೀರ್ಮಾನ ಮತ್ತೆ ಮೀಟರ್‌ನದೇ. ಮ್ಯಾನ್ಯುಯಲ್ ಇಟ್ಟರೂ ಬಿಳಿ ಸುಟ್ಟಿತು ಎನ್ನುವವರಲ್ಲಿ ನಾವು ಮೊದಲು ನೋಡುವುದು ಇದನ್ನೇ.

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಬೇಡ. ಪ್ರತಿ ಅಲುಗಾಟವನ್ನೂ ಅದು ನೇರ ಲೆನ್ಸಿಗೆ ಸಾಗಿಸುತ್ತದೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು ಕೂತರೆ ಸಾಕು. ಡಿಸೆಂಬರ್‌ನಿಂದ ಮೇ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಆಗ ಟ್ರಿಪ್‌ನ ಹಣ ವಾಪಸ್ ಬರುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಟ್ರಿಪ್‌ನಲ್ಲಿ ಪಾಠ ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ, ಹೇಳಿಕೊಡುವವರೂ ಕಣ್ಣು ವ್ಯೂಫೈಂಡರ್‌ಗೆ ಅಂಟಿಸಿರುತ್ತಾರೆ. ಹಾಗಾಗಿ ಕೈಯಲ್ಲಿ ಒಂದಕ್ಕಷ್ಟೇ ದುಡ್ಡಿದ್ದರೆ ಕ್ಲಾಸಿಗೆ ಹಾಕಿ. ಟ್ರಿಪ್ ಬದಲು ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಿ. ಸುಗಂಧರಾಜದ ಬಿಳಿ ರಾಶಿಯೂ ಮೀಟರನ್ನು ಕೊಕ್ಕರೆಯಷ್ಟೇ ದಾರಿ ತಪ್ಪಿಸುತ್ತದೆ, ಹಾರಿಹೋಗುವುದಿಲ್ಲ ಬೇರೆ. ಟ್ರಿಪ್‌ಗೇ ಹೋಗುವುದಾದರೆ, ಆಮೇಲೆ ಚಿತ್ರ ವಿಮರ್ಶೆಯ ಕೂಟ ಇದೆಯೇ ಎಂದು ಕೇಳಿ. ಇದ್ದರೆ ಎಡಿಟ್ ಮಾಡದ ಇಪ್ಪತ್ತು ಫೈಲ್ ಒಯ್ಯಿರಿ, ಅದರಲ್ಲಿ ಕೆಟ್ಟವು ಹತ್ತಾದರೂ ಇರಲಿ.